ಡಬ್ಬಿ ಕಂಪನಿಗೆ ಹೊತ್ತ ಹರಕೆ

ಮಥುರಾಬಾಯಿಯವರ ಹೊಟ್ಟೆಕಿಚ್ಚು ವರ್ಷವಿಡೀ ಬೂದಿ ಮುಚ್ಚಿದ ಕೆಂಡದಂತೆ ಇರುತ್ತಿತ್ತು. ಚೈತ್ರ ಬಂದಕೂಡಲೇ ಹೊತ್ತಿಕೊಳ್ಳುತ್ತಿತ್ತು. ಇದಕ್ಕೆ ಕಾರಣ ಜಮಖಂಡಿಯ ಬಿಸಿಲಲ್ಲ. ಲಂಡನ್ನಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೇರು ಬಿಟ್ಟಿದ್ದ ಬ್ಲೆಂಡಲ್ ಅಂಡ್ ಕ್ರಾಸ್ ಎಂಬ ತಿನಿಸಿನ ಕಂಪನಿ. ಬಿಸ್ಕೀಟು, ಕೋಕೋ, ಹಾಲಿನ ಪುಡಿ ಎಲ್ಲವನ್ನೂ ಡಬ್ಬಿಗೆ ತುಂಬಿ ಏಳು ದೇಶಗಳಲ್ಲಿ ಮಾರುವ ಆ ಕಂಪನಿಯ ಹೆಸರು ನಮ್ಮ ಓಣಿಯಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ನಾವೆಲ್ಲ ಡಬ್ಬಿ ಕಂಪನಿ ಎನ್ನುತ್ತಿದ್ದೆವು.

ಎದುರು ಮನೆಯ ಕೃಷ್ಣಾಜಿಪಂತರು ಆ ಕಂಪನಿಯ ಷೇರುದಾರರು. ಸಂಸ್ಥಾನದ ಕಾಲದಲ್ಲಿ ದರಬಾರದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿಹೋದಾಗ ಕೈಗೆ ಬಂದ ಇಡಿಗಂಟನ್ನು ಉಳಿದವರು ಹೊಲಕ್ಕೆ ಹಾಕಿದರು. ಪಂತರು ಮುಂಬಯಿಯಲ್ಲಿದ್ದ ತಮ್ಮ ಸೋದರತ್ತೆಯ ಮಗ ಬಾಳಾಸಾಹೇಬನ ಮಾತು ಕೇಳಿ ಡಬ್ಬಿಗೆ ಹಾಕಿದರು. ಓಣಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮಥುರಾಬಾಯಿಯವರೇ ನಕ್ಕರು. ಮರುವರ್ಷ ಲಾಭಾಂಶ ಬಂತು. ಪಂತರ ಹೆಂಡತಿ ಸುಹಾಸಿನಿಬಾಯಿ ರಬಕವಿಯ ಮಗ್ಗದಿಂದ ದಾಳಿಂಬೆ ಬಣ್ಣದ ಸೀರೆ ತರಿಸಿ ಉಟ್ಟರು. ಅಲ್ಲಿಗೆ ಮಥುರಾಬಾಯಿಯವರ ನಗು ನಿಂತಿತು.

ನೆರೆಮನೆಯವರಿಗೆ ದುಡ್ಡು ಬಂದರೆ ಸಂಕಟವಾಗುವುದು ಲೋಕಕ್ಕೆ ಹೊಸತಲ್ಲ. ಮಥುರಾಬಾಯಿಯವರ ಸಂಕಟದಲ್ಲಿ ಇನ್ನೊಂದು ಸುತ್ತು ಇತ್ತು. ಕೃಷ್ಣಾಜಿಪಂತರು ಮರಾಠಿಯ ಮೋಡಿ ಅಕ್ಷರವನ್ನು ಮುತ್ತಿನಂತೆ ಬರೆಯುತ್ತಿದ್ದರು, ಆದರೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಂಪನಿಯ ವರ್ಷದ ವರದಿ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅದನ್ನು ಓದಿ ಅರ್ಥ ಹೇಳುವವರು ಯಾರು? ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅನಂತರಾವ್ ಮಾಸ್ತರರು. ಅಂದರೆ ಮಥುರಾಬಾಯಿಯವರ ಗಂಡ! ವರ್ಷವೂ ಚೈತ್ರದಲ್ಲಿ ಟಪಾಲು ಬಂದ ಸಂಜೆ ಪಂತರು ರುಮಾಲು ಸುತ್ತಿ, ಉಪರಣಿ ಹೊದ್ದು, ದರಬಾರಕ್ಕೆ ಹೊರಟವರ ಹಾಗೆ ರಸ್ತೆ ದಾಟಿ ಮಾಸ್ತರರ ಪಡಸಾಲೆಗೆ ಬಂದು ಕೂರುತ್ತಿದ್ದರು. ಮಾಸ್ತರರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು ಓದುತ್ತಿದ್ದರು.

“ಅಧ್ಯಕ್ಷರು ಹೇಳ್ತಾರ, ಈ ವರ್ಷದ ಫಲಿತಾಂಶ ನಿಮ್ಮ ಮುಂದ ಇಡಲಿಕ್ಕೆ ನನಗ ಭಾಳ ಸಂತೋಷ ಆಗ್ತದ. ಸಿಲೋನಿನ್ಯಾಗ ಬಿಸ್ಕೀಟಿನ ವ್ಯಾಪಾರ ಬೆಳದದ. ಆಫ್ರಿಕಾದಾಗ ಹೊಸಾ ಕಾರ್ಖಾನಿ ಸುರು ಆಗೇದ...”

“ನಮ್ಮ ಆಫ್ರಿಕಾದ ಮಂದಿಗೆ ಏನೂ ತ್ರಾಸ ಇಲ್ಲಲ್ರೀ?” ಎಂದು ಪಂತರು ಕೇಳುತ್ತಿದ್ದರು. ಬಿಜಾಪುರದಾಚೆ ಹೆಚ್ಚು ತಿರುಗದ ಮನುಷ್ಯ ‘ನಮ್ಮ ಆಫ್ರಿಕಾ’ ಎನ್ನುತ್ತಿದ್ದರು! ಬಾಗಿಲ ಹಿಂದೆ ನಿಂತ ಮಥುರಾಬಾಯಿಯವರಿಗೆ ಮೈಯೆಲ್ಲ ಖಾರ ಹಚ್ಚಿದಂತಾಗುತ್ತಿತ್ತು. ಪಂತರು ಹೋದ ಮೇಲೆ ಚಹದ ಬಟ್ಟಲುಗಳನ್ನು ಸದ್ದು ಮಾಡಿ ಎತ್ತುತ್ತ ಒಂದೇ ಮಾತು ಹೇಳುತ್ತಿದ್ದರು.

“ಓದಾವರು ನಾವು. ಲಾಭ ಅವರದು.”

ಮಾಸ್ತರರು ಹೆಂಡತಿಯ ಮುಖವನ್ನು ಒಮ್ಮೆ ನೋಡಿ ಕನ್ನಡಕ ಮಡಿಸಿಡುತ್ತಿದ್ದರು.

ಇದು ಸಾಲದೆಂಬಂತೆ ಮೇಲೆ ಅರಿಷಿಣ-ಕುಂಕುಮ. ಚೈತ್ರದಲ್ಲಿ ಮನೆಮನೆಯಲ್ಲಿ ಗೌರಿಯನ್ನು ಕೂರಿಸಿ ಓಣಿಯ ಮುತ್ತೈದೆಯರನ್ನು ಕರೆದು ಪಾನಕ, ಕೋಸಂಬರಿ, ನೆನೆದ ಕಡಲೆ ಕೊಡುವುದು ನಮ್ಮಲ್ಲಿ ರೂಢಿ. ಬಂದವರು ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಹೇಳದವರ ಕೈಗೆ ಕುಂಕುಮ ಸಿಕ್ಕರೂ ಮರ್ಯಾದೆ ಸಿಗುವುದಿಲ್ಲ. ಐವತ್ನಾಲ್ಕನೆಯ ಇಸವಿಯ ಚೈತ್ರದಲ್ಲಿ ಸುಹಾಸಿನಿಬಾಯಿ ತಮ್ಮ ಗೌರಿಯ ಎದುರು ನಿಂತು ತಲೆ ತಗ್ಗಿಸಿ ನಾಚುತ್ತ ಹೇಳಿದ ಒಡಪು ಇಂದಿಗೂ ನಮಗೆ ನೆನಪಿದೆ:

“ಏಳು ದೇಶದ ಕಂಪನಿ, ಲಾಭ ಬಂತು ಭಾಳ,
ಕೃಷ್ಣಾಜಿಪಂತರ ಹೆಸರ ಹೇಳ್ತೀನಿ, ಗೌರಿಗೆ ಹಾಕಿ ಮುತ್ತಿನಮಾಳ.”

ಹೆಂಗಸರು ಹೋ ಎಂದರು. ಗೌರಿಯ ಕೊರಳಲ್ಲಿ ನಿಜವಾಗಿಯೂ ಮುತ್ತಿನ ಸರ ಇತ್ತು. ಗೌರಿಯ ಪಕ್ಕದಲ್ಲಿ ಡಬ್ಬಿ ಕಂಪನಿಯ ಬಿಸ್ಕೀಟಿನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ ಅಲಂಕಾರದ ಆರಾಸು ಮಾಡಿದ್ದರು. ಅದರೊಳಗಿನ ಬಿಸ್ಕೀಟನ್ನು ಮಡಿಯವರು ಯಾರೂ ಮುಟ್ಟುವುದಿಲ್ಲ, ಆ ಮಾತು ಬೇರೆ. ಮುಂದಿನ ಸರದಿ ಮಥುರಾಬಾಯಿಯವರದು. ಅವರು ವರ್ಷವೂ ಹೇಳುವ ಹಳೆಯದನ್ನೇ ಹೇಳಿದರು:

“ಬೆಳ್ಳಿ ಬಟ್ಟಲದಾಗ ಬೆಣ್ಣಿ, ಬೆಣ್ಣಿ ಮ್ಯಾಲ ಸಕ್ಕರಿ,
ಅನಂತರಾಯರ ಹೆಸರ ಹೇಳ್ತೀನಿ, ನನಗಿನ್ನೇನ ಬೇಕ್ರಿ!”

“ಬಾಯಿ ಏನೂ ಬ್ಯಾಡಂತದ. ಮುಖಾ ನೋಡಿದ್ರ ಎಲ್ಲಾ ಬೇಕಂತದ!” ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಸುಹಾಸಿನಿಬಾಯಿಯೂ ನಕ್ಕರು. ಉಳಿದವರ ನಗುವನ್ನು ಮಥುರಾಬಾಯಿ ಕ್ಷಮಿಸಿಯಾರು, ಅದೊಂದನ್ನು ಮಾತ್ರ ಕ್ಷಮಿಸಲಿಲ್ಲ.

ಮನೆಗೆ ಹೋಗುವ ದಾರಿಯಲ್ಲೇ ಓಣಿಯ ಗಣಪತಿ ಗುಡಿ. ಒಳಗೆ ಯಾರೂ ಇರಲಿಲ್ಲ. ಉಡಿಯಲ್ಲಿದ್ದ ಸುಹಾಸಿನಿಬಾಯಿಯ ಮನೆಯ ಕಡಲೆಯನ್ನು ಹಾಗೇ ಹಿಡಿದುಕೊಂಡು ಮಥುರಾಬಾಯಿ ಗಣಪತಿಯ ಎದುರು ನಿಂತರು. ತುಟಿ ಅಲುಗಿಸದೆ, ಮನಸ್ಸಿನಲ್ಲೇ ಹರಕೆ ಹೊತ್ತರು: ‘ಆ ಡಬ್ಬಿ ಕಂಪನಿ ನೆಲಾ ಹಿಡೀಲಿ. ಅವರ ಬಾಯಾಗ ಲಾಭ ಅನ್ನೋ ಮಾತ ಬರಬಾರದು. ಹಂಗಾತಂದ್ರ ನಿನಗ ಅಭಿಷೇಕಾ ಮಾಡಸ್ತೀನಿ, ಬುಟ್ಟಿ ತುಂಬ ಕಾಯಿ ಒಡಸ್ತೀನಿ.’ ಗಣಪತಿ ವಿಘ್ನ ಕಳೆಯುವವನು ಎಂದು ನಾವು ಹೇಳುತ್ತೇವೆ. ವಿಘ್ನ ತರುವವನೂ ಅವನೇ ಎಂಬುದನ್ನು ಮಥುರಾಬಾಯಿಯವರಂಥವರೇ ನೆನಪಿಟ್ಟುಕೊಂಡಿರುತ್ತಾರೆ.

ಆ ವರ್ಷವಿಡೀ ಅವರು ಡಬ್ಬಿ ಕಂಪನಿಯ ಕೆಡುಕನ್ನು ಕಾಯುತ್ತ ಕುಳಿತರು. ಚಿಕ್ಕಪಡಸಲಗಿಯಿಂದ ಬೆಣ್ಣೆ ತರುವ ಸತ್ಯವ್ವನ ಹತ್ತಿರವೂ ಅದೇ ಮಾತು.

“ಸತ್ಯವ್ವ, ಹಾಲಿನ ಪುಡಿ ಅಂತ ಮಾಡ್ತಾರಂತ. ಮಂದಿ ಕುಡೀತಾರೇನ ಅದನ್ನ?”

“ಹಾಲ ಪುಡಿ ಆದ್ರ ಬೆಣ್ಣಿ ಎಲ್ಲಿಂದ ಬರ್ಬೇಕ್ರಿ ಬಾಯಾರ? ನಮ್ಮ ಎಮ್ಮಿ ಕೇಳಿದ್ರ ನಕ್ಕೀತು,” ಎಂದಳು ಸತ್ಯವ್ವ. ಮಥುರಾಬಾಯಿಯವರಿಗೆ ಅಷ್ಟೇ ಸಾಕಾಯಿತು. ಅಂದು ಬೆಣ್ಣೆಗೆ ಚೌಕಾಶಿ ಮಾಡಲಿಲ್ಲ.

ಐವತ್ತೈದರ ಚೈತ್ರ ಬಂತು. ಟಪಾಲು ಬಂತು. ಪಂತರು ರುಮಾಲು ಸುತ್ತಿಕೊಂಡು ಬಂದು ಕೂತರು. ಮಾಸ್ತರರು ವರದಿ ಬಿಡಿಸಿದರು. ಆ ಸಲ ಯಾಕೋ ಕನ್ನಡಕವನ್ನು ಎರಡೆರಡು ಸಲ ಒರೆಸಿಕೊಂಡರು. ಬಾಗಿಲ ಹಿಂದಿದ್ದ ಮಥುರಾಬಾಯಿ ಅದನ್ನು ಕಂಡರು, ವಯಸ್ಸಾಯಿತು ಎಂದುಕೊಂಡರು.

“ಅಧ್ಯಕ್ಷರು ಹೇಳ್ತಾರ...” ಮಾಸ್ತರರು ಓದು ನಿಲ್ಲಿಸಿದರು. ಕಣ್ಣಿನಲ್ಲೇ ಮುಂದೆ ಓದಿದರು. ಪುಟ ತಿರುಗಿಸಿದರು. “ಈ ವರ್ಷ ಛಲೋ ಇಲ್ರಿ ಪಂತರ. ಕೋಕೋದ ಬೆಲಿ ಭಾಳ ಏರೇದಂತ. ಡಬ್ಬಿ ಬೆಲಿ ಏರಸಲಿಕ್ಕೆ ಆಗಿಲ್ಲಂತ. ಲಾಭ ಇಲ್ಲ. ನುಕ್ಸಾನ ಅದ. ಲಾಭಾಂಶ ಕೊಡೂದಿಲ್ಲ ಅಂತ ಬರದಾರ.”

ಮಥುರಾಬಾಯಿ ಚಪ್ಪಾಳೆ ಹೊಡೆಯಲಿಲ್ಲ, ಅಷ್ಟೇ. ಅಡಿಗೆಮನೆಗೆ ಓಡಿದರು. ಡಬ್ಬದ ತಳದಲ್ಲಿ ಹಬ್ಬಕ್ಕೆಂದು ಇಟ್ಟಿದ್ದ ಸಣ್ಣ ರವೆಯನ್ನು ತುಪ್ಪದಲ್ಲಿ ಹುರಿದು, ದ್ರಾಕ್ಷಿ, ಗೋಡಂಬಿ, ಕೇಸರಿ ಹಾಕಿ ಶಿರಾ ಮಾಡಿದರು. ಎರಡು ತಾಟಿನಲ್ಲಿ ಹಾಕಿ ಪಡಸಾಲೆಗೆ ತಾವೇ ತಂದಿಟ್ಟರು.

“ಏನ್ ವಿಶೇಷ ವೈನಿ?” ಎಂದರು ಪಂತರು.

“ಏನಿಲ್ರಿ. ಯಾಕೋ ಮಾಡಬೇಕ ಅನಸ್ತು. ಬಾಯಿ ಸಿಹಿ ಮಾಡ್ಕೋರಿ.”

ಪಂತರು ತಾಟು ಖಾಲಿ ಮಾಡಿ, ಭೇಷ್ ಆಗೇದ ಎಂದು ಹೊಗಳಿ ಎದ್ದರು. ಹೋಗುವಾಗ ಮಾಸ್ತರರ ಹೆಗಲ ಮೇಲೆ ಕೈಯಿಟ್ಟು, “ಮಾಸ್ತರ, ಭಾಳ ಮನಸ್ಸಿಗೆ ಹಚ್ಕೋಬ್ಯಾಡ್ರಿ. ವ್ಯಾಪಾರದಾಗ ಏರಿಳಿತ ಇರೂದ,” ಎಂದರು. ಮಥುರಾಬಾಯಿಯವರಿಗೆ ಸೋಜಿಗವಾಯಿತು. ನುಕ್ಸಾನ ಆದದ್ದು ಅವರಿಗೆ, ಸಮಾಧಾನ ನಮ್ಮವರಿಗೆ ಯಾಕೆ?

ಮಾಸ್ತರರ ತಾಟಿನಲ್ಲಿ ಶಿರಾ ಹಾಗೇ ಆರಿತ್ತು.

“ಯಾಕ, ಸಕ್ಕರಿ ಕಡಿಮಿ ಆತೇನು?” ಎಂದು ಮಥುರಾಬಾಯಿ ಕೇಳಿದರು.

“ಮಥುರಾ, ಸ್ವಲ್ಪ ಕೂಡು.” ಮಾಸ್ತರರು ಕನ್ನಡಕ ತೆಗೆದರು. “ನಿನಗ ಮುತ್ತಿನ ನತ್ತು ಮಾಡಸಬೇಕಂತ ಹುಡುಗರಿಗೆ ಶಿಕವಣಿ ಹೇಳಿದ ರೊಕ್ಕ ಕೂಡಿಸಿ ಇಟ್ಟಿದ್ದೆ. ವರ್ಷಾ ನಾ ಆ ಕಾಗದ ಓದೂ ಮುಂದ ನಿನ್ನ ಮಾರಿ ನೋಡ್ತಿದ್ದೆ. ನನಗ ತಡಕೊಳ್ಳಿಕ್ಕೆ ಆಗ್ಲಿಲ್ಲ. ದೀಪಾವಳಿ ಮುಂದ ಪಂತರ ಕಡಿಂದ ಬಾಳಾಸಾಹೇಬಗ ಬರಸಿ, ಆ ಕಂಪನಿ ಷೇರು ತಗೊಂಡೆ. ನಿನ್ನ ಹೆಸರಲೇ ತಗೊಂಡೀನಿ. ಇವತ್ತ ಲಾಭ ಓದಿ, ನೀನೂ ಮಾಲಕಿ ಆದಿ ಅಂತ ಹೇಳಬೇಕಂತ ಮಾಡಿದ್ದೆ.”

ಮಥುರಾಬಾಯಿ ಕೂತಲ್ಲೇ ತಣ್ಣಗಾದರು. ಗಣಪತಿ ಹರಕೆ ಕೇಳಿದ್ದ, ನಿಜ. ಕೇಳಿ ಅವರ ಮನೆಯ ತೊಲೆಗೇ ಕೊಡಲಿ ಹಾಕಿದ್ದ. ಗಂಡನ ಮೇಲೆ ಅಂಥ ಪ್ರೀತಿ ಅವರಿಗೆ ಮದುವೆಯಾದಾಗಿನಿಂದ ಬಂದಿರಲಿಲ್ಲ. ಅದೇ ಗಳಿಗೆಗೆ ಬಂದಂಥ ಸಿಟ್ಟೂ ಎಂದೂ ಬಂದಿರಲಿಲ್ಲ. ಅಳು ಬಂತು. ಅಳುತ್ತಲೇ ಅಂದರು:

“ಮಾರಿ ಬಿಡ್ರಿ.”

“ಹುಚ್ಚೀ, ಈಗ ಮಾರಿದ್ರ ಅರ್ಧಾನೂ ಬರೂದಿಲ್ಲ. ಕೋಕೋ ಇಳದ್ರ ಮತ್ತ ಏಳ್ತದ. ಅಧ್ಯಕ್ಷರು ಹಂಗಂತ ಬರದಾರ.”

“ಅಧ್ಯಕ್ಷರಿಗೆ ಏನ ಗೊತ್ತು? ಅದು ಏಳೂದಿಲ್ಲ. ನನಗ ಗೊತ್ತದ.”

“ನಿನಗ ಹ್ಯಾಂಗ ಗೊತ್ತು?”

ಇದಕ್ಕೆ ಉತ್ತರವಿತ್ತು, ಆದರೆ ಹೇಳುವ ಹಾಗಿರಲಿಲ್ಲ. “ಗೊತ್ತದ ಅಂದ್ರ ಗೊತ್ತದ,” ಎಂದು ಮಥುರಾಬಾಯಿ ಒಳಗೆ ಹೋಗಿ ಮಲಗಿದರು. ಮರುದಿನ ಊಟ ಬಿಟ್ಟರು. ಅದರ ಮರುದಿನ ಮಾತೂ ಬಿಟ್ಟರು. ದೇವರು ತಾನೇ ಮುಳುಗಿಸಿದ ಕಂಪನಿ ಮತ್ತೆ ಏಳುವುದುಂಟೇ, ಆ ಕಾಗದ ಮನೆಯಲ್ಲಿದ್ದರೆ ನಾಳೆ ಗೋಡೆಯೂ ಬಿದ್ದೀತು ಎಂಬುದು ಅವರ ಲೆಕ್ಕ. ಮುಳುಗುವುದಾದರೆ ಎದುರು ಮನೆಯಲ್ಲೇ ಪೂರ್ತಿ ಮುಳುಗಲಿ.

ಮಾಸ್ತರರು ಸೋತರು. ತಲೆ ತಗ್ಗಿಸಿ ರಸ್ತೆ ದಾಟಿ ಪಂತರ ಮನೆಗೆ ಹೋದರು. ಪಂತರು ಒಂದೇ ಮಾತಿನಲ್ಲಿ ಮುಗಿಸಿದರು: “ನನ್ನ ಕಡಿಂದ ತಗೊಂಡವ್ರು ನೀವು. ನಿಮಗ ನುಕ್ಸಾನ ಆಗಬಾರದು. ನೀವು ಕೊಟ್ಟ ಬೆಲಿಗೇ ನಾ ತಗೋತೀನಿ.” ಹಾಗೇ ತೆಗೆದುಕೊಂಡರು ಕೂಡ. ಈ ದೊಡ್ಡತನವನ್ನು ಕೇಳಿ ಮಥುರಾಬಾಯಿಯವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನುಕ್ಸಾನದಲ್ಲೂ ಇವರಿಗೆ ದೊಡ್ಡವರಾಗಲು ಬರುತ್ತದಲ್ಲ ಎಂದು ಇನ್ನಷ್ಟು ಉರಿಯಿತು. ಬಂದ ರೊಕ್ಕದಲ್ಲಿ ತವರೂರು ಮುಧೋಳದ ಪತ್ತಾರನ ಹತ್ತಿರ ಮುತ್ತಿನ ನತ್ತು ಮಾಡಿಸಿಕೊಂಡರು. ಚೆನ್ನಾಗಿಯೇ ಆಯಿತು.

ಉಳಿದದ್ದು ಹರಕೆ. ದೇವರು ತನ್ನ ಮಾತು ನಡೆಸಿಕೊಟ್ಟ ಮೇಲೆ ತೀರಿಸದಿದ್ದರೆ ಸುಮ್ಮನಿರುವವನಲ್ಲ. ಒಂದು ದಿನ ಹಾಲು ಒಡೆಯಿತು. ಇನ್ನೊಂದು ದಿನ ಬಚ್ಚಲಲ್ಲಿ ಕಾಲು ಜಾರಿ ಪಾದ ಉಳುಕಿತು. ಮಥುರಾಬಾಯಿಗೆ ಸೂಚನೆ ತಿಳಿಯಿತು. ಸಂಕಷ್ಟಿಯ ಬೆಳಿಗ್ಗೆ, ಓಣಿ ಏಳುವ ಮೊದಲೇ, ನತ್ತು ಇಟ್ಟುಕೊಂಡು, ಬುಟ್ಟಿ ತುಂಬ ಕಾಯಿ ಹೊತ್ತು, ಕುಂಟುತ್ತ ಗುಡಿಗೆ ಹೋದರು. ಯಾರೂ ಇರಲಾರರು ಎಂದುಕೊಂಡಿದ್ದರು. ಸುಹಾಸಿನಿಬಾಯಿ ಪ್ರದಕ್ಷಿಣೆ ಹಾಕುತ್ತಿದ್ದರು.

“ಅಯ್ಯ, ಒಬ್ರ ಹೊತಗೊಂಡು ಬಂದೀರಲ್ರಿ! ನನ್ನ ಕರೀಬಾರದ?” ಎಂದು ಓಡಿಬಂದು ಬುಟ್ಟಿ ಇಳಿಸಿದರು. “ನತ್ತು ಎಷ್ಟ ಛಂದ ಒಪ್ಪತದ್ರಿ ನಿಮಗ. ಏನು ಹರಕಿ? ಏನೇ ಇರ್ಲಿ, ನಾನೂ ಕೂಡ್ತೀನಿ. ಪುಣ್ಯದಾಗ ಪಾಲು ಸಿಗ್ಲಿ.” ಹೀಗೆಂದು ಮಥುರಾಬಾಯಿಯವರ ಮಗ್ಗುಲಲ್ಲೇ ಕೂತುಬಿಟ್ಟರು.

ಗುಡಿಯ ಭಟ್ಟರು ವಯಸ್ಸಾದವರು, ಎಲ್ಲವನ್ನೂ ಶಾಸ್ತ್ರದ ಪ್ರಕಾರವೇ ಮಾಡುವವರು. ಮಥುರಾಬಾಯಿಯವರ ಅಂಗೈಯಲ್ಲಿ ಅಕ್ಷತೆ ಇಟ್ಟು, ನೀರು ಹಾಕಿ, ಗೋತ್ರ ಹೇಳಿಸಿ, ಸಂಕಲ್ಪದ ಮಧ್ಯದಲ್ಲಿ ನಿಂತರು.

“ಯಾವ ಕಾರ್ಯಕ್ಕ ಹರಕಿ ಹೊತ್ತಿದ್ರಿ, ಹೇಳ್ರಿ.”

“ಮನಸ್ಸಿನ್ಯಾಗ ಹೇಳ್ಕೋತೀನ್ರಿ.”

“ಮನಸ್ಸಿನ್ಯಾಗ ನಡಿಯೂದಿಲ್ಲ. ಸಂಕಲ್ಪ ಅಂದ್ರ ಬಾಯಿಲೆ ಬರಬೇಕು. ಬಾಯಿಲೆ ಬಂದದ್ದ ಗಣಪತಿಗೆ ಮುಟ್ತದ. ಹೇಳ್ರಿ, ನೀರು ಸೋರ್ಲಿಕ್ಕತ್ತದ.”

ನೀರು ಬೆರಳಸಂದಿಯಿಂದ ಸೋರುತ್ತಿತ್ತು. ಸುಹಾಸಿನಿಬಾಯಿ ಮುಖ ಹತ್ತಿರ ತಂದು, ಅಕ್ಕರೆಯಿಂದ ಕಾಯುತ್ತಿದ್ದರು. ಗಣಪತಿ ಎದುರಿಗೆ ಕೂತಿದ್ದ. ಮಥುರಾಬಾಯಿಯವರ ತಲೆಯಲ್ಲಿ ಡಬ್ಬಿ ಕಂಪನಿಯ ಹೊರತು ಏನೂ ಇರಲಿಲ್ಲ; ಬಾಯಿ ಬಿಟ್ಟರೆ ಅದೇ ಬರುವಂತಿತ್ತು. ಅದೇ ಬಂತು.

“ಇವರ... ಇವರ ಡಬ್ಬಿ ಕಂಪನಿ... ಛಲೋ ನಡೀಲಿ ಅಂತ.”

ಭಟ್ಟರು ಹುಬ್ಬು ಗಂಟಿಕ್ಕಿದರು. “ಅದಕ್ಕ ಮೊನ್ನೆ ನುಕ್ಸಾನ ಬಂತಲ್ರಿ? ಆಗದ ಕಾರ್ಯಕ್ಕ ಹರಕಿ ಹ್ಯಾಂಗ ತೀರಸ್ತೀರಿ?”

“ಅದಕ್ಕ ಮತ್ತ... ಮೊದಲ ತೀರಸ್ತೀನ್ರಿ. ಮುಂದಿನ ವರ್ಷದ್ದು.”

“ಆಗ್ಲಿ,” ಎಂದು ಭಟ್ಟರು ಅದನ್ನೆಲ್ಲ ಸಂಸ್ಕೃತಕ್ಕೆ ತಿರುಗಿಸಿ, ಕೃಷ್ಣಾಜಿಪಂತರ ಹೆಸರು, ಸುಹಾಸಿನಿಬಾಯಿಯ ಹೆಸರು ಸೇರಿಸಿ, ವ್ಯಾಪಾರವೃದ್ಧಿ ಧನವೃದ್ಧಿ ಎಂದು ಗಟ್ಟಿಯಾಗಿ ಹೇಳಿ ನೀರು ಬಿಡಿಸಿದರು. ಅಭಿಷೇಕ ಮುಗಿಸಿ ಕಾಯಿಗಳನ್ನು ಒಂದೊಂದಾಗಿ ಒಡೆದರು. ಒಂದೂ ಕೆಟ್ಟಿರಲಿಲ್ಲ. ಸುಹಾಸಿನಿಬಾಯಿ ಮಥುರಾಬಾಯಿಯವರ ಕೈ ಹಿಡಿದುಕೊಂಡು ಗುಡಿಯಲ್ಲೇ ಅತ್ತರು. “ನನ್ನ ಒಡಹುಟ್ಟಿದವರು ಇಷ್ಟ ಮಾಡಿಲ್ರಿ,” ಎಂದರು. ಆ ದಿನ ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ ಹರಡಿತು. ಮಥುರಾಬಾಯಿಯವರ ಬಗ್ಗೆ ನಾವು ತಪ್ಪು ತಿಳಿದಿದ್ದೆವು ಎಂದು ನಾವೆಲ್ಲ ಅಂದುಕೊಂಡೆವು.

ಮುಂದಿನ ಚೈತ್ರಕ್ಕೆ ಟಪಾಲು ಬಂದ ಸಂಜೆ ಮಥುರಾಬಾಯಿ ಬಾಗಿಲ ಹಿಂದೆ ನಿಲ್ಲಲಿಲ್ಲ. ಅಡಿಗೆಮನೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತ, ಕೇಳಿಸದಿರಲಿ ಎಂದುಕೊಂಡರು. ಆದರೆ ಮಾಸ್ತರರದು ತರಗತಿಯ ದನಿ, ಹಿತ್ತಲಿಗೂ ಕೇಳುವಂಥದ್ದು.

“ಅಧ್ಯಕ್ಷರು ಹೇಳ್ತಾರ, ಇಷ್ಟ ಸಂತೋಷದ ಫಲಿತಾಂಶ ಕಂಪನಿ ಇತಿಹಾಸದಾಗ ಎಂದೂ ಬಂದಿಲ್ಲಂತ! ಕೋಕೋ ಇಳದದ. ಏಳೂ ದೇಶದಾಗ ಲಾಭ. ಹೋದ ವರ್ಷದ್ದೂ ಕೂಡಿಸಿ ಲಾಭಾಂಶ ಕೊಡ್ತಾರಂತ. ಷೇರು ಇದ್ದವರಿಗೆ ಒಂದಕ್ಕ ಒಂದು ಪುಕ್ಕಟೆ ಷೇರು ಬ್ಯಾರೆ.”

“ಮಾಸ್ತರ, ಮತ್ತೊಮ್ಮೆ ಓದ್ರಿ,” ಎಂದರು ಪಂತರು. ಮಾಸ್ತರರು ಮತ್ತೊಮ್ಮೆ ಓದಿದರು. ಕೊನೆಯ ಸಾಲನ್ನು ಮಾತ್ರ ಬೇಗ ಬೇಗ ಮುಗಿಸಿದರು. ಆ ಷೇರುಗಳಲ್ಲಿ ಕೆಲವು ಹೋದ ವರ್ಷ ಅವರ ಹೆಂಡತಿಯ ಹೆಸರಿನಲ್ಲಿದ್ದವು ಎಂಬುದು ಪಂತರಿಗೂ ನೆನಪಾಗಿರಬೇಕು. ಅವರು ರುಮಾಲು ಸರಿಮಾಡಿಕೊಂಡರು. ಒಳಗೆ ಮಥುರಾಬಾಯಿ ಹುಣಸೆಯ ಬೀಜವನ್ನು ಪಾತ್ರೆಗೂ, ಹಣ್ಣನ್ನು ಒಲೆಗೂ ಹಾಕಿದರು.

ಅಷ್ಟರಲ್ಲಿ ಸುಹಾಸಿನಿಬಾಯಿ ಹಿತ್ತಲ ಬಾಗಿಲಿಂದಲೇ ಬಂದರು. ಒಂದು ಕೈಯಲ್ಲಿ ಸಕ್ಕರೆ, ಇನ್ನೊಂದು ಕೈಯಲ್ಲಿ ಬನಹಟ್ಟಿಯ ಹೊಸ ಸೀರೆ. “ನಿಮಗ, ನನಗ, ಇಬ್ರಿಗೂ ಒಂದ ಬಣ್ಣದ್ದು ತರಸೀನಿ. ಇದು ನಮ್ಮ ಲಾಭ ಅಲ್ರಿ, ನಿಮ್ಮ ಬಾಯಿಂದ ಬಂದ ಮಾತಿನ ಫಲ,” ಎಂದು ಮಥುರಾಬಾಯಿಯವರ ಬಾಯಿಗೆ ಸಕ್ಕರೆ ಹಾಕಿದರು. ಸಕ್ಕರೆಯನ್ನು ಉಗುಳುವ ಹಾಗಿರಲಿಲ್ಲ. ನುಂಗಿದರು.

“ನಾಡಿದ್ದ ಸಂಕಷ್ಟಿ ಅದ. ಕಾಯಿ ನಾ ತರ್ತೀನಿ. ಸಂಕಲ್ಪ ಮಾತ್ರ ನೀವ ಹೇಳಬೇಕು. ನಾ ಎಷ್ಟೋ ವರ್ಷಾತು ಬೇಡಕೊಳ್ಳಿಕ್ಕತ್ತು, ನನ್ನ ಮಾತು ಅಂವಾ ಕೇಳೂದಿಲ್ಲ. ನಿಮ್ಮದು ಕೇಳ್ತಾನ. ಇನ್ನ ಮ್ಯಾಲೆ ವರ್ಷಾ ನೀವ.”

ಇಲ್ಲ ಎನ್ನಲು ಮಥುರಾಬಾಯಿಯವರ ಹತ್ತಿರ ಒಂದೇ ಒಂದು ಕಾರಣವಿತ್ತು. ಅದು ಹೇಳುವಂಥದ್ದಲ್ಲ.

ಸಂಕಷ್ಟಿಯ ದಿನ ಗುಡಿಯಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದೆವು. ಇಬ್ಬರೂ ಒಂದೇ ಬಣ್ಣದ ಸೀರೆಯಲ್ಲಿ ಅಕ್ಕತಂಗಿಯರ ಹಾಗೆ ಕೂತಿದ್ದರು. ಭಟ್ಟರು ಅಂಗೈಗೆ ನೀರು ಹಾಕಿ, “ಹೋದ ವರ್ಷದ್ದ ಹೇಳ್ರಿ,” ಎಂದರು. ಮಥುರಾಬಾಯಿಯವರ ತುಟಿ ಅಲುಗಿತು, ದನಿ ಬರಲಿಲ್ಲ. “ಜೋರಾಗಿ,” ಎಂದರು ಭಟ್ಟರು. ಅವರು ಜೋರಾಗಿ ಹೇಳಿದರು. ಮೂಗಿನ ಮುತ್ತು ನಡುಗುತ್ತಿದ್ದುದನ್ನು ನಾವೆಲ್ಲ ಭಕ್ತಿ ಎಂದುಕೊಂಡೆವು.

ಮನೆಗೆ ಬಂದು ಪ್ರಸಾದದ ಕಾಯಿಯ ಹೋಳನ್ನು ಗಂಡನ ಮುಂದಿಟ್ಟರು. ಮಾಸ್ತರರು ಏನು ಬೇಡಿಕೊಂಡಿ ಎಂದು ಕೇಳಿದರು.

ಮಥುರಾಬಾಯಿ ನತ್ತು ಬಿಚ್ಚುತ್ತ ಅಂದರು: “ಇಷ್ಟ ದಿನಾ ಓದೂದೊಂದ ನಮ್ಮದಿತ್ತು. ಇನ್ನ ಮ್ಯಾಲೆ ಅವರ ಸಲುವಾಗಿ ಬೇಡೂದೂ ನಮ್ಮದ ಆತು.”